ಯಮಧರ್ಮರಾಯರಿಗೆ ಒಬ್ಬ ಪಾಲಿಸಿದಾರನ ಬಿನ್ನಹ

ದಕ್ಷಿಣದಿಕ್ಪಾಲಕರಾದ ಶ್ರೀ ಯಮಧರ್ಮರಾಯರ ಸನ್ನಿಧಿಗೆ, ರಾಯಚೂರಿನಿಂದ ಅನಂತ ಪ್ರಣಾಮಗಳು (ದೂರದಿಂದಲೇ).

1956ರ ಸೆಪ್ಟೆಂಬರ್ 1ರಂದು, ಅಂದರೆ ನಮ್ಮ ರಾಯಚೂರು ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರುವುದಕ್ಕೆ ಎರಡು ತಿಂಗಳು ಮುಂಚೆ, ಉದಿಸಿದ ಭಾರತೀಯ ಜೀವವಿಮಾ ನಿಗಮವು, ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಭಕ್ತರಿಗಿತ್ತ ಯೋಗಕ್ಷೇಮದ ಅಭಯವನ್ನೇ ಧ್ಯೇಯವಾಕ್ಯವಾಗಿ ಧರಿಸಿತು. ಆದರೆ ಕರಾರಿನ ಷರತ್ತುಗಳನ್ನು ಅವಲೋಕಿಸಿದರೆ, ಸಕಲವೂ ತಮ್ಮ ಆಗಮನದ ತಿಥಿಯನ್ನು ಆಶ್ರಯಿಸಿರುವುದು ವಿದಿತವಾಗುತ್ತದೆ. ಭೂಲೋಕದಲ್ಲಿ ಅವನ್ನು ಓದುವವರಿಲ್ಲವಾದ ಕಾರಣ, ತಾವಾದರೂ ಓದಿಕೊಂಡು ಬರಬೇಕೆಂದು ಪ್ರಾರ್ಥನೆ.

ನಾವೇಕೆ ಓದುವುದಿಲ್ಲವೆಂದರೆ, ತೀನ್ ಕಂದೀಲಿನ ಹೋಟೆಲಿನಲ್ಲಿ ಮಂಡಾಳೊಗ್ಗರಣಿ, ಮಿರ್ಚಿಗಳ ಮಧ್ಯೆ "ಅಣ್ಣಾರ, ಬೋನಸ್ ಬರ್ತದ್ರಿ, ಇಲ್ಲೊಂದು ಸೈ ಮಾಡ್ರಿ" ಎನ್ನುವ ಏಜೆಂಟರ ದಾಕ್ಷಿಣ್ಯವನ್ನು ಮೀರಿ ಕನ್ನಡಕವನ್ನು ಹೊರತೆಗೆಯುವ ಎದೆಗಾರಿಕೆ ನಮ್ಮಲ್ಲಿಲ್ಲ. ಆ ಬೋನಸ್ಸಾದರೋ ಸಾಮಾನ್ಯವಾಗಿ ವರ್ಷವರ್ಷವೂ ಕೈಸೇರದೆ, ಪಾಲಿಸಿಯ ಲೆಕ್ಕಕ್ಕೆ ಕೂಡುತ್ತ ಹೋಗಿ, ಅವಧಿ ತೀರಿದ ಮೇಲೋ ತಮ್ಮ ಭೇಟಿಯ ತರುವಾಯವೋ ದೊರೆಯತಕ್ಕುದು. ಒಪ್ಪಿಗೆಯಾಗದ ಪಾಲಿಸಿಯನ್ನು ಹಿಂದಿರುಗಿಸಲು ಈಗ ಮೂವತ್ತು ದಿನಗಳ ಅವಕಾಶವಿದೆ. ಅಷ್ಟೂ ದಿನ ಆ ಕಾಗದ ಟ್ರಂಕಿನ ತಳದಲ್ಲಿರುತ್ತದೆ.

ಇನ್ನು ಮಾನ್ವಿಯ ಸಂಗತಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ತಡವಾಗಿ, ನಾಟಿ ತಡವಾಗಿ, ನೆಲ್ಲಿನ ಮಾರಾಟವೂ ತಡವಾದಾಗ, ರೈತನ ವಾರ್ಷಿಕ ಕಂತು ಹೇಗೆ ತಾನೆ ಹೊತ್ತಿಗೆ ಸರಿಯಾಗಿ ಹೋದೀತು? ಕಂತಿನ ದಿನ ಕಳೆದ ಮೇಲೆ ಮೂವತ್ತು ದಿನಗಳ ರಿಯಾಯಿತಿಯುಂಟು, ತಿಂಗಳ ಕಂತಾದರೆ ಹದಿನೈದೇ. ಅದರೊಳಗೆ ತಾವು ದಯಮಾಡಿಸಿದರೆ ಬಾಕಿ ಕಂತನ್ನು ಮುರಿದುಕೊಂಡು ಉಳಿದುದನ್ನೆಲ್ಲ ಕೊಡುತ್ತಾರೆ. ಅದು ಮುಗಿದ ಮರುದಿನ ಬಂದಿರೋ, ಟರ್ಮ್ ಪಾಲಿಸಿಯಾಗಿದ್ದಲ್ಲಿ ಸಾಮಾನ್ಯವಾಗಿ ಮನೆಯವರ ಕೈ ಬರಿದು. ಲ್ಯಾಪ್ಸ್ ಆದುದನ್ನು ಐದು ವರ್ಷಗಳೊಳಗೆ ಬಡ್ಡಿಸಮೇತ ಕಟ್ಟಿ ಪುನರುಜ್ಜೀವಿಸಬಹುದೆಂಬುದು ದಿಟ. ಪಾಲಿಸಿಯನ್ನು ಮಾತ್ರ, ಪಾಲಿಸಿದಾರನನ್ನಲ್ಲ. ಆದುದರಿಂದ ತಾವು ಹೊರಡುವ ಮುನ್ನ ಕಾಲುವೆಯ ನೀರಿನ ಪಾಳಿಯನ್ನೊಮ್ಮೆ ವಿಚಾರಿಸಿಕೊಳ್ಳುವುದು ಲೇಸು.

ದೇವದುರ್ಗದ ಕಡೆ ಹೋಗುವಿರಾದರೆ ಇನ್ನೂ ನಿಧಾನಿಸಿರಿ. ಅಲ್ಲಿ ಹತ್ತಿ ಬೆಳೆಯುವ ಎಷ್ಟೋ ಜನ ಮದುವೆಗೆ ಮುಂಚೆ ಅಣ್ಣನನ್ನು ನಾಮಿನಿಯಾಗಿ ಬರೆಸಿ, ಮೂರು ಮಕ್ಕಳಾದರೂ ಆ ಹೆಸರನ್ನು ಬದಲಿಸಿರುವುದಿಲ್ಲ. ವಿಮಾ ಕಾಯಿದೆಯ 2015ರ ತಿದ್ದುಪಡಿಯ ಮೇರೆಗೆ ತಂದೆತಾಯಿ, ಹೆಂಡತಿ ಅಥವಾ ಗಂಡ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ. ಅಣ್ಣನಾದರೋ ಅದನ್ನು ಪಡೆದು ವಾರಸುದಾರರಿಗೆ ಒಪ್ಪಿಸತಕ್ಕವನು. ಒಪ್ಪಿಸುವನೋ ಇಲ್ಲವೋ ಎಂಬುದು ಧರ್ಮರಾಯರಾದ ತಮಗೇ ಗೊತ್ತು. ನಾಮಿನಿಯನ್ನು ಬದಲಿಸುವ ಒಂದು ನಮೂನೆ ತುಂಬಿಕೊಡಲು ಪಾಲಿಸಿದಾರನಿಗೆ ಅರ್ಧ ದಿನದ ಬಿಡುವು ಕೊಡಿರಿ.

ಚಿತ್ರಗುಪ್ತರಿಗೂ ಒಂದು ಮಾತು. ಬೀಡಿಯನ್ನೂ ಸಕ್ಕರೆ ಕಾಯಿಲೆಯನ್ನೂ ಅರ್ಜಿಯಲ್ಲಿ ಮುಚ್ಚಿಟ್ಟುದನ್ನು ವಿಮಾ ಕಂಪನಿಯು ಮೂರು ವರ್ಷದವರೆಗೆ ಕೆದಕಬಹುದು, ಅನಂತರ 1938ರ ವಿಮಾ ಕಾಯಿದೆಯ 45ನೆಯ ಕಲಮು ಅದರ ಬಾಯಿ ಮುಚ್ಚಿಸುತ್ತದೆ. ತಮ್ಮ ಕಡತಕ್ಕೂ ಅಂತಹದೊಂದು ಕಲಮನ್ನು ಸೇರಿಸಲಾದೀತೇ?

ಇಂತಿ ತಮ್ಮ ವಿಧೇಯ,
ಒಬ್ಬ ಪಾಲಿಸಿದಾರ

ವಿ.ಸೂ.: ನನ್ನ ಕಂತಿನ ದಿನ ಮೊನ್ನೆಯೇ ಕಳೆದಿದೆ. ಉತ್ತರವನ್ನು ಅಂಚೆಯಲ್ಲಿ ಕಳುಹಿಸಿದರೆ ಸಾಕು. ಖುದ್ದಾಗಿ ಬರುವ ಶ್ರಮ ಬೇಡ.