ಹಗಲು ದೀವಟಿಗೆ ಮೀಮಾಂಸೆ: ಸೊಲ್ಲಾಪುರ–ಅಕ್ಕಲಕೋಟ ಮಾರ್ಗದ ಒಂದು ಅಧ್ಯಯನ

1. ಲಕ್ಷಣ ಪ್ರಕರಣ

ಸೂರ್ಯ ಹಾಜರಿರುವಾಗಲೂ ವಾಹನದ ಮುಂದೆ ಉರಿಯುವ ದೀಪಕ್ಕೆ ಹಗಲು ದೀವಟಿಗೆ ಎಂದು ಹೆಸರು. ಇದು ಹೊಸದಲ್ಲ. ಕರ್ನಾಟಕದ ಮಠಪರಂಪರೆಯಲ್ಲಿ ಶ್ವೇತಛತ್ರ, ಚಾಮರ, ಅಡ್ಡಪಲ್ಲಕ್ಕಿಗಳ ಸಾಲಿನಲ್ಲಿ ಹಗಲು ದೀವಟಿಗೆಗೂ ಸ್ಥಾನವಿದೆ. ಪೀಠಾಧಿಪತಿಗಳು ನಡುಹಗಲಿನಲ್ಲಿ ಹೊರಟರೂ ಮುಂದೆ ಪಂಜು ಉರಿಯಬೇಕು. ಅವರಿಗೆ ದಾರಿ ಕಾಣಲಿ ಎಂದಲ್ಲ, ದಾರಿಯಲ್ಲಿದ್ದವರಿಗೆ ಅವರು ಕಾಣಲಿ ಎಂದು.

2017ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಈ ಮರ್ಯಾದೆಯನ್ನು ಹೊಸ ದ್ವಿಚಕ್ರ ವಾಹನಗಳಿಗೆಲ್ಲ ವಿಸ್ತರಿಸಿತು. ಎಂಜಿನ್ ಚಾಲೂ ಆದೊಡನೆ ದೀಪ ತಾನಾಗಿ ಹೊತ್ತಬೇಕು, ಆರಿಸುವ ಸ್ವಿಚ್ ಇರಕೂಡದು ಎಂಬುದು ನಿಯಮದ ಸಾರ. ಜಾರಿಯ ದಿನಾಂಕವನ್ನು ನೋಡಿ ಇದೊಂದು ತಮಾಷೆ ಎಂದುಕೊಳ್ಳಬಾರದು; ಸರ್ಕಾರದ ಆರ್ಥಿಕ ವರ್ಷವೂ ಅಂದೇ ಹುಟ್ಟುತ್ತದೆ. ಅಂತೂ ಜಗದ್ಗುರುಗಳಿಗೆ ಸಲ್ಲುತ್ತಿದ್ದ ಗೌರವ ಹಾಲಿನ ಕ್ಯಾನು ಕಟ್ಟಿಕೊಂಡು ವಳಸಂಗದಿಂದ ಸೊಲ್ಲಾಪುರಕ್ಕೆ ಹೊರಟವನಿಗೂ ದಕ್ಕಿತು. ಅವನು ಅದನ್ನು ಬೇಡವೆಂದ. ಆ ನಿರಾಕರಣೆಯೇ ಈ ಪ್ರಬಂಧದ ವಿಷಯ.

2. ಕ್ಷೇತ್ರ ಪ್ರಕರಣ

ಸೊಲ್ಲಾಪುರದಿಂದ ಕುಂಭಾರಿ, ವಳಸಂಗ ದಾಟಿ ಅಕ್ಕಲಕೋಟ ಸೇರುವ ದಾರಿ ಸುಮಾರು 40 ಕಿಲೋಮೀಟರ್. ಗುರುವಾರಗಳಂದು ಅಕ್ಕಲಕೋಟದ ಸಂತ ಸ್ವಾಮಿ ಸಮರ್ಥರ ಭಕ್ತರ ಕಾರು, ಎಸ್‌ಟಿ ಬಸ್ಸು, ಸೀಟು ಲೆಕ್ಕದ ವಡಾಪ್ ಜೀಪು, ಎಂಎಚ್ 13 ಫಲಕದ ಬೈಕು ಎಲ್ಲವೂ ಇಲ್ಲಿ ಕೂಡುತ್ತವೆ. ಮಾತಿನಲ್ಲಿ ಕನ್ನಡ, ಮರಾಠಿ, ತೆಲುಗು ಬೆರೆಯುತ್ತವೆ. ಗಡಿ ವಿವಾದದ ಬಗೆಗಿನ 1967ರ ಮಹಾಜನ ವರದಿ ಅಕ್ಕಲಕೋಟ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದಿತು, ಮಹಾರಾಷ್ಟ್ರ ಒಪ್ಪಲಿಲ್ಲ. ಗಡಿಯ ಬಗ್ಗೆ ಒಮ್ಮತವಿಲ್ಲದ ಈ ಪ್ರದೇಶದಲ್ಲಿ ಮೂರೂ ಭಾಷೆಯವರು ಒಪ್ಪಿದ ತತ್ತ್ವ ಒಂದಿದೆ: ಹಗಲಲ್ಲಿ ಯಾರ ಗಾಡಿಯ ಲೈಟಾದರೂ ಹತ್ತಿದ್ದರೆ ಅವರಿಗೆ ಹೇಳಲೇಬೇಕು.

3. ಮುದ್ರಾ ಪ್ರಕರಣ

ಹೇಳುವ ವಿಧಾನ ಹೀಗೆ. ಎದುರಿನಿಂದ ಬರುವವನು ಎಡಗೈಯನ್ನು ಹ್ಯಾಂಡಲಿನಿಂದ ಬಿಡಿಸಿ ಎದೆಯ ಮಟ್ಟಕ್ಕೆ ಎತ್ತುತ್ತಾನೆ. ಐದೂ ಬೆರಳುಗಳ ತುದಿ ಕೂಡಿಸಿ, ಫಕ್ಕನೆ ಅರಳಿಸಿ, ಮತ್ತೆ ಕೂಡಿಸುತ್ತಾನೆ. ನಾಟ್ಯ ಬಲ್ಲವರಿಗೆ ಇಲ್ಲಿ ಮುಕುಲ ಹಸ್ತ ಅಲಪದ್ಮವಾಗುವುದು ಕಾಣುತ್ತದೆ. ಹಿಂದೆ ಕೂತವರಿದ್ದರೆ ಅಭಿನಯಕ್ಕೆ ವಾಚಿಕವೂ ಕೂಡುತ್ತದೆ: “ಅಣ್ಣಾ, ಲೈಟ್ ಚಾಲೂ ಐತ್ರೀ!” ಸಿಗ್ನಲ್ಲಿನಲ್ಲಿ ಪಕ್ಕ ನಿಂತ ರಿಕ್ಷಾದವನು ಅದನ್ನೇ ಮರಾಠಿಯಲ್ಲಿ ಹೇಳುತ್ತಾನೆ. ‘ಚಾಲೂ’ ಎರಡಕ್ಕೂ ಸಾಮಾನ್ಯ.

ಸಂದೇಶ ಪಡೆದವನ ಬಲಗೈ ಹೆಬ್ಬೆರಳು ಹಳೆಯ ಬೈಕಿನಲ್ಲಿ ಸ್ವಿಚ್ ಇದ್ದ ಜಾಗವನ್ನು ತಡಕುತ್ತದೆ. ಅಲ್ಲೇನೂ ಸಿಗುವುದಿಲ್ಲ. ಆಗ ಅವನು ಮುಖದಲ್ಲಿ ಅಪರಾಧಿ ಭಾವ ತಂದುಕೊಂಡು, “ಕಂಪನಿಯಿಂದನ ಹಂಗ ಬಂದೈತ್ರಿ” ಎನ್ನುತ್ತಾನೆ. ಅಷ್ಟರಲ್ಲಿ ಹೇಳಿದವನು ಮುಂದೆ ಹೋಗಿರುತ್ತಾನೆ. ಕುಂಭಾರಿ ಮುಟ್ಟುವುದರೊಳಗೆ ಇದೇ ಸಂಭಾಷಣೆ ಬೇರೆ ಪಾತ್ರಧಾರಿಗಳೊಂದಿಗೆ ಮರುಕಳಿಸುತ್ತದೆ.

ಕಾರಿನವರಿಗೆ ಕೈ ಹೊರಗೆ ಹಾಕುವುದು ತ್ರಾಸು. ಅವರು ತಮ್ಮ ಹೆಡ್‌ಲೈಟನ್ನೇ ಎರಡು ಸಲ ಮಿಟುಕಿಸಿ, ನಿಮ್ಮ ಹೆಡ್‌ಲೈಟ್ ಹತ್ತಿದೆ ಎಂದು ಸೂಚಿಸುತ್ತಾರೆ. ಹಗಲಿನಲ್ಲಿ ಇದೇ ಮಿಟುಕಿಗೆ ‘ಸರಿ ಬಾಜೂಕ್’, ‘ಮುಂದ ಪೊಲೀಸರದಾರ’ ಎಂಬ ಅರ್ಥಗಳೂ ಉಂಟು. ಯಾವ ಅರ್ಥ ಹಿಡಿಯಬೇಕೆಂಬುದು ಸಂದರ್ಭಾಧೀನ. ಹೆಲ್ಮೆಟ್ ಇಲ್ಲದವನು ಮೂರನೆಯದನ್ನೇ ಹಿಡಿಯುತ್ತಾನೆ.

4. ಪೂರ್ವಪಕ್ಷ

ಹಗಲು ದೀವಟಿಗೆ ಬೇಡವೆನ್ನುವವರು ಮುಖ್ಯವಾಗಿ ಮೂರು ವಾದ ಹೂಡುತ್ತಾರೆ.

ಮೊದಲನೆಯದು ಶಾಸ್ತ್ರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮ ದೀಪ ಹಚ್ಚಲು ಹೇಳುವುದು ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ, ಹುಟ್ಟುವ ಅರ್ಧ ಗಂಟೆ ಮುಂಚಿನವರೆಗೆ. ಲಾರಿಗಳ ಬೆನ್ನ ಮೇಲಿನ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂಬ ಶಾಸನವೂ ರಾತ್ರಿಯನ್ನಷ್ಟೇ ಹೆಸರಿಸಿ ಹಗಲಿನ ಬಗ್ಗೆ ಮೌನವಾಗಿದೆ. ಎರಡನೆಯದು ಅರ್ಥ: ಬ್ಯಾಟರಿ ಇಳಿಯುತ್ತದೆ, ಪೆಟ್ರೋಲು ಹೋಗುತ್ತದೆ, ಬಲ್ಬು ಸುಡುತ್ತದೆ. ಮೂರನೆಯದು ಪ್ರತ್ಯಕ್ಷ: ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರದ ಬಿಸಿಲಿಗೆ 35 ವ್ಯಾಟಿನ ಬಲ್ಬು ಏನು ಸೇರಿಸೀತು?

ಈ ಪಕ್ಷದಲ್ಲಿ ಕ್ರಿಯಾವಾದಿಗಳ ಶಾಖೆಯೊಂದಿದೆ. ಅವರು ವಾದಕ್ಕೆ ಇಳಿಯದೆ ನೇರವಾಗಿ ಗ್ಯಾರೇಜಿಗೆ ಹೋಗಿ ಪ್ರತ್ಯೇಕ ಸ್ವಿಚ್ ಕೂರಿಸಿಕೊಂಡು ಬರುತ್ತಾರೆ. ಮಿಸ್ತ್ರಿ ವೈರು ಕತ್ತರಿಸುವಾಗ ಕಾನೂನೂ ಕತ್ತರಿಸಿಹೋಗುತ್ತದೆ ಎಂಬುದು ಈ ಶಾಖೆಯ ಗ್ರಂಥಗಳಲ್ಲಿ ಬರುವುದಿಲ್ಲ.

5. ಉತ್ತರಪಕ್ಷ

ಶಾಸ್ತ್ರದ ವಾದ ಅರ್ಧ ಸೂತ್ರವನ್ನು ನುಂಗಿದೆ. 105ನೇ ನಿಯಮ ಬೆಳಕು ಸಾಲದ ಯಾವುದೇ ಹೊತ್ತನ್ನೂ ಸೇರಿಸಿಕೊಂಡಿದೆ. ಇನ್ನು 2017ರ ನಿಯಮ ಸವಾರನಿಗೆ ದೀಪ ಹಚ್ಚು ಎಂದು ಹೇಳುವುದೇ ಇಲ್ಲ; ಆರಿಸುವ ಅವಕಾಶವೇ ಇಲ್ಲದಂತೆ ಗಾಡಿ ಮಾಡು ಎಂದು ಕಂಪನಿಗೆ ಹೇಳುತ್ತದೆ. ಸವಾರನ ಸ್ವಭಾವ ಬಲ್ಲವರೇ ಇದನ್ನು ಬರೆದಿರಬೇಕು.

ಅರ್ಥದ ವಾದ ಲೆಕ್ಕಕ್ಕೆ ನಿಲ್ಲುವುದಿಲ್ಲ. ಈ ವ್ಯವಸ್ಥೆಯಲ್ಲಿ ದೀಪ ಉರಿಯುವುದು ಎಂಜಿನ್ ತಿರುಗುವಾಗ, ಅಂದರೆ ವಿದ್ಯುತ್ತು ತಯಾರಾಗುತ್ತಲೇ ಇರುವಾಗ. ಹಳೆಯ ವಿನ್ಯಾಸದ ಅನೇಕ ಬೈಕುಗಳಲ್ಲಿ ದೀಪ ಆರಿಸಿದರೂ ಮ್ಯಾಗ್ನೆಟೊ ಸುಮ್ಮನಾಗುವುದಿಲ್ಲ. ಹೆಚ್ಚಾದ ವಿದ್ಯುತ್ತು ರೆಗ್ಯುಲೇಟರಿನಲ್ಲಿ ಶಾಖವಾಗಿ ಹೋಗುತ್ತದೆ. ಅಂಥ ಗಾಡಿಯಲ್ಲಿ ಉಳಿಸಿದ ಬೆಳಕು ಮಾಲೀಕನ ಜೇಬಿಗೆ ಬಾರದೆ ಸೊಲ್ಲಾಪುರದ ಸೆಕೆಗೆ ಜಮೆಯಾಗುತ್ತದೆ. ಹಾಗಲ್ಲದ ಗಾಡಿಯಲ್ಲೂ, 35 ವ್ಯಾಟಿನ ಬಲ್ಬು ಅಕ್ಕಲಕೋಟದವರೆಗೆ ಒಂದು ಗಂಟೆ ಉರಿದರೆ, ಎಂಜಿನ್ ಮತ್ತು ಜನರೇಟರಿನ ನಷ್ಟವನ್ನು ಧಾರಾಳವಾಗಿ ಹಿಡಿದರೂ ಖರ್ಚು ಸುಮಾರು 30 ಮಿಲಿಲೀಟರ್ ಪೆಟ್ರೋಲು, ಅಂದರೆ ಮೂರು ರೂಪಾಯಿಯ ಆಸುಪಾಸು. ವಳಸಂಗದಲ್ಲಿ ಗೆಳೆಯ ಸಿಕ್ಕನೆಂದು ಎಂಜಿನ್ ಬಂದ್ ಮಾಡದೆ ಮಾತಾಡುತ್ತ ನಿಂತಾಗ ಹೋಗುವ ಪೆಟ್ರೋಲಿಗೆ ಈ ಪಕ್ಷದವರು ಲೆಕ್ಕವಿಟ್ಟ ಉದಾಹರಣೆಯಿಲ್ಲ.

ಪ್ರತ್ಯಕ್ಷದ ವಾದಕ್ಕೆ ಪ್ರತ್ಯೇಕ ಪ್ರಕರಣವೇ ಬೇಕು.

6. ಸೂರ್ಯ ಪ್ರಕರಣ

ನಕಾಶೆಯಲ್ಲಿ ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಗೆರೆ ಎಳೆದರೆ ಅದು ನೇರ ಪೂರ್ವದಿಂದ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ವಾಲುತ್ತದೆ. ಈ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೂ ಪೂರ್ವದಿಂದ ಹೆಚ್ಚುಕಡಿಮೆ ಅಷ್ಟೇ ದಕ್ಷಿಣಕ್ಕೆ. ದತ್ತ ಜಯಂತಿಯ ಆಸುಪಾಸಿನಲ್ಲಿ ಬೆಳಿಗ್ಗೆ ಬೇಗ ಹೊರಟ ಭಕ್ತನಿಗೆ ದೇವಸ್ಥಾನ ಮತ್ತು ಸೂರ್ಯ ಒಂದೇ ದಿಕ್ಕಿನಲ್ಲಿ ದರ್ಶನ ಕೊಡುತ್ತವೆ. ಜೂನಿನಲ್ಲಿ ಸೂರ್ಯ ಮುಳುಗುವುದು ಪಶ್ಚಿಮದಿಂದ ಅಷ್ಟೇ ಉತ್ತರಕ್ಕೆ; ಆಗ ಸಂಜೆ ಮರಳುವವನಿಗೂ ಅದೇ ಭಾಗ್ಯ. ಹೋಗುವಾಗ ಒಂದು ಋತು, ಬರುವಾಗ ಇನ್ನೊಂದು. ಕಣ್ಣಿಗೆ ರಾಚುವುದಂತೂ ತಪ್ಪದು.

ಡಿಸೆಂಬರಿನ ಆ ಬೆಳಗಿನಲ್ಲಿ ಅಕ್ಕಲಕೋಟದಿಂದ ಎದುರು ಬರುವ ಬೈಕಿನವನ ಸ್ಥಿತಿಯನ್ನು ನೋಡಬೇಕು. ಸೂರ್ಯ ಅವನ ಬೆನ್ನಿಗಿದ್ದಾನೆ. ರಸ್ತೆ, ಹೊಲ, ಎದುರಿನ ಗಾಡಿಯ ನಂಬರು ಸಹಿತ ಅವನಿಗೆ ಲಕಲಕ ಕಾಣುತ್ತವೆ. “ಇಷ್ಟ ಬೆಳಕಿನ್ಯಾಗ ಲೈಟ್ ಯಾಕ ಬೇಕ್ರಿ? ನನಗ ಎಲ್ಲಾ ಕಾಣತೈತಿ” ಎಂಬ ಅವನ ಮಾತು ಅಕ್ಷರಶಃ ನಿಜ. ಎದುರಿನವನಿಗೆ ಮಾತ್ರ ಅವನು ಬಿಳಿ ಉರಿಯೊಳಗಿನ ಒಂದು ಕರಿ ಚುಕ್ಕೆ, ಅದೂ ಅದೃಷ್ಟವಿದ್ದರೆ. ಯಾರ ದೀಪ ಅತ್ಯಗತ್ಯವೋ ಅವನಿಗೇ ಅದರ ಅಗತ್ಯ ತೋರುವುದಿಲ್ಲ ಎಂಬುದು ಈ ಶಾಸ್ತ್ರದ ಮೂಲ ಸಮಸ್ಯೆ.

ನಡುಹಗಲಿನಲ್ಲಿ ಬೇರೆ ತೊಡಕು. ಕಾದ ಡಾಂಬರಿನ ಮೇಲೆ ಬಿಸಿಲುಗುದುರೆ ಕುಣಿಯುವಾಗ ದೂರದ ಗಾಡಿಯ ಕೆಳಭಾಗ ಕದಡಿಹೋಗುತ್ತದೆ. ಜೊತೆಗೆ ಬೈಕಿನ ಎದುರುನೋಟವೇ ಕಿರಿದು. ಸಣ್ಣ ವಸ್ತು ದೂರದಲ್ಲಿದೆ, ತಡವಾಗಿ ಬರುತ್ತದೆ ಎಂದು ಮನುಷ್ಯನ ಕಣ್ಣು ತಪ್ಪು ಅಂದಾಜು ಮಾಡುತ್ತದೆ. ‘ಇನ್ನೂ ದೂರ ಐತಿ, ಓವರ್‌ಟೇಕ್ ಮಾಡೋಣು’ ಎಂಬ ಲಾರಿ ಚಾಲಕನ ನಿರ್ಧಾರದ ಬೇರು ಅಲ್ಲಿದೆ.

7. ದೇಶಾಂತರ ಪ್ರಕರಣ

ಫಿನ್ಲೆಂಡ್ 1972ರಲ್ಲಿ ಚಳಿಗಾಲದ ಹಳ್ಳಿರಸ್ತೆಗಳಿಗೂ, ಸ್ವೀಡನ್ 1977ರಲ್ಲಿ ವರ್ಷಪೂರ್ತಿಗೂ ಹಗಲು ದೀಪವನ್ನು ಕಡ್ಡಾಯ ಮಾಡಿದವು. 2011ರಿಂದ ಯುರೋಪಿಯನ್ ಒಕ್ಕೂಟ ಹೊಸ ಮಾದರಿಯ ಕಾರುಗಳಿಗೆ ಪ್ರತ್ಯೇಕ ಹಗಲು ದೀಪ ಬೇಕೆಂದಿತು. ಆಸ್ಟ್ರಿಯಾ 2005ರಲ್ಲಿ ಹಚ್ಚಿ ಎಂದು, 2008ರಲ್ಲಿ ಬೇಡ ಎಂದು ಹಿಂತೆಗೆದುಕೊಂಡಿತು. ಎಲ್ಲ ಕಾರುಗಳೂ ದೀಪ ಹಚ್ಚಿದರೆ ಬೈಕಿನ ದೀಪ ಗುಂಪಿನಲ್ಲಿ ಕಳೆದುಹೋಗುತ್ತದೆ ಎಂಬ ಆಕ್ಷೇಪ ಅಲ್ಲಿಯ ಸವಾರರದು, ತಳ್ಳಿಹಾಕುವಂಥದ್ದಲ್ಲ. ಇವೆಲ್ಲಕ್ಕೂ ಬಹಳ ಹಿಂದೆ ಗ್ರೀಸಿನ ಡಯೋಜಿನಿಸ್ ಹಗಲಲ್ಲಿ ದೀಪ ಹಿಡಿದು ಮನುಷ್ಯನನ್ನು ಹುಡುಕುತ್ತ ತಿರುಗಿದನೆಂದು ಪ್ರತೀತಿ. ಅವನಿಗೂ ದಾರಿಯವರು ಬೆರಳರಳಿಸಿ ತೋರಿಸಿದರೇ ಎಂಬುದಕ್ಕೆ ಆಧಾರಗಳಿಲ್ಲ.

8. ರಾತ್ರಿ ಪ್ರಕರಣ

ಹಗಲಿನ ದೀಪದ ಚರ್ಚೆ ರಾತ್ರಿಯನ್ನು ಮುಟ್ಟದೆ ಪೂರ್ಣವಾಗದು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆಯುತ್ತದೆ. ಹಿಂದೆ ಚಾಚಿದ ಕಬ್ಬು, ರಿಫ್ಲೆಕ್ಟರ್ ಇದ್ದರೆ ಅದನ್ನೂ ಮುಚ್ಚುತ್ತದೆ. ಕೆಂಪು ದೀಪ ಅಪರೂಪ, ಧ್ವನಿವರ್ಧಕ ಸಾಮಾನ್ಯ. ಹಾಡಿಗೆ ಸಾಕಾಗುವ ಬ್ಯಾಟರಿ ಹಿಂದಿನ ದೀಪಕ್ಕೆ ಸಾಲದಿರುವುದು ಈ ವಾಹನದ ವೈಶಿಷ್ಟ್ಯ. ಕಬ್ಬಿನ ಎತ್ತಿನಗಾಡಿಗೆ ಹಾಡೂ ಇಲ್ಲ.

ಹಗಲೆಲ್ಲ ಪರರ ಬಲ್ಬಿನ ಚಿಂತೆಯಲ್ಲಿ ಬೆರಳರಳಿಸಿದವರು ಈ ಕತ್ತಲ ಗುಡ್ಡವನ್ನು ಬಳಸಿಕೊಂಡು ಸುಮ್ಮನೆ ಮುಂದೆ ಹೋಗುತ್ತಾರೆ. ಬೇಡದ ಬೆಳಕು ಸಹಿಸಲಾಗದ, ಬೇಕಾದ ಬೆಳಕು ಇಲ್ಲದಿದ್ದರೂ ಸಹಿಸುವ ಈ ಗುಣಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ.

9. ಸಿದ್ಧಾಂತ

ಪೂರ್ವೋತ್ತರ ಪಕ್ಷಗಳನ್ನು ತೂಗಿದ ಮೇಲೆ ತೀರ್ಮಾನ ಇಷ್ಟು. ದ್ವಿಚಕ್ರ ವಾಹನಕ್ಕೆ ಹಗಲು ದೀಪ ಇರತಕ್ಕದ್ದು. ಅದು ಸವಾರನ ಸ್ವತ್ತಲ್ಲ, ಎದುರಿನವನ ಹಕ್ಕು. ಕಾರು, ಬಸ್ಸುಗಳು ಸೂರ್ಯ ಕೆಳಗಿರುವಾಗ, ಮಳೆಯಲ್ಲಿ, ಮಂಜಿನಲ್ಲಿ ಡಿಪ್ ಮಾಡಿ ಹಚ್ಚತಕ್ಕದ್ದು. ಗ್ಯಾರೇಜಿನಲ್ಲಿ ಕೂರಿಸಿದ ಸ್ವಿಚ್ಚನ್ನು ಕೂರಿಸಿದವನಿಂದಲೇ ಕೀಳಿಸತಕ್ಕದ್ದು. ಹಗಲಿನ ಹಸ್ತಮುದ್ರೆ ಒಳ್ಳೆಯ ಮನಸ್ಸಿನ ಕಲೆ, ಅದನ್ನು ಅಳಿಯಗೊಡಬಾರದು. ಹೊತ್ತು ಮಾತ್ರ ಬದಲಿಸಬೇಕು. ಅಕ್ಕಲಕೋಟ ದಾರಿಯಲ್ಲಿ ಸಂಚರಿಸುವವರು ಇನ್ನು ಮುಂದೆ ಉರಿಯುವ ಬಲ್ಬಿಗೆ ಬೆರಳರಳಿಸುವುದನ್ನು ಬಿಟ್ಟು, ಟ್ರ್ಯಾಕ್ಟರ್ ಚಹಾದಂಗಡಿಯ ಮುಂದೆ ನಿಂತಾಗ ಚಾಲಕನಿಗೆ ಒಂದು ಮಾತು ಹೇಳಲಿ: “ಅಣ್ಣಾ, ಹಿಂದಿನ ಲೈಟ್ ಬಂದ್ ಐತ್ರೀ.”