ಹಿತ್ತಾಳೆಯ ವಿದ್ಯಾರ್ಥಿ

ನಿವೃತ್ತನಾದ ಮನುಷ್ಯನಿಗೆ ಲೋಕವು ಧಾರಾಳವಾಗಿ ದಯಪಾಲಿಸುವ ಹಿತೋಪದೇಶಗಳು ಮೂರು: ಬೆಳಗಿನ ನಡಿಗೆ, ಭಗವದ್ಗೀತೆ, ಮೊಮ್ಮಕ್ಕಳು. ಇವುಗಳಲ್ಲಿ ಮೊದಲನೆಯದಕ್ಕೆ ನನ್ನ ಮೊಣಕಾಲುಗಳು ಸಮ್ಮತಿಸಲಿಲ್ಲ. ಎರಡನೆಯದನ್ನು ತೆರೆದಾಗಲೆಲ್ಲ ಅರ್ಜುನನ ವಿಷಾದದಲ್ಲಿಯೇ ನಿದ್ರೆ ಆವರಿಸಿ, ಕೃಷ್ಣನು ಬಾಯ್ದೆರೆಯುವ ಪ್ರಸಂಗವನ್ನು ನಾನು ಮುಟ್ಟಿದವನೇ ಅಲ್ಲ. ಮೂರನೆಯವರಾದರೋ ಕಡಲಿನ ಆಚೆ ನೆಲೆಸಿ, ಭಾನುವಾರಕ್ಕೊಮ್ಮೆ ಅಂಗೈಯಗಲದ ಗಾಜಿನಲ್ಲಿ ದರ್ಶನವಿತ್ತು ಅಂತರ್ಧಾನರಾಗುವವರು. ಹೀಗಾಗಿ, ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸಿ, ಇನ್ನು ಬೋಧಿಸಿಕೊಳ್ಳುವವರು ಯಾರೂ ಇಲ್ಲದೆ ಮನೆಗೆ ಮರಳಿದ ನಾನು, ಅರುವತ್ತೊಂದನೆಯ ವಯಸ್ಸಿನಲ್ಲಿ, ಯಾವ ಹಿತೈಷಿಯೂ ಸೂಚಿಸದಿದ್ದ ನಾಲ್ಕನೆಯ ಮಾರ್ಗವನ್ನು ಹಿಡಿದು, ಒಂದು ಸ್ಯಾಕ್ಸೊಫೋನನ್ನು ಕೊಂಡು ತಂದೆನು.

ಅನ್ಯ ಊರಿನವರಿಗೆ ಇದು ವಿಪರೀತವಾಗಿ ತೋರಬಹುದು. ಮಂಗಳೂರಿನವನಿಗೆ ಸ್ಯಾಕ್ಸೊಫೋನು ಪರದೇಶದ ವಾದ್ಯವೇ ಅಲ್ಲ. ನಮ್ಮ ಕಡೆ ದೇವರ ಉತ್ಸವ ಹೊರಡುವಾಗಲೂ, ಮದುಮಗನು ಚಪ್ಪರವನ್ನು ಪ್ರವೇಶಿಸುವಾಗಲೂ ತವಿಲಿನ ಜೊತೆಗೆ ಹೊಳೆಯುವ ಈ ಸೊಂಡಿಲು ಕಾಣಿಸದಿದ್ದರೆ ಏನೋ ಒಂದು ಕೊರತೆಯಾದಂತೆ ಜನ ಹಿಂದಿರುಗಿ ನೋಡುತ್ತಾರೆ. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ನಾಗಸ್ವರ ವಿದ್ವಾಂಸರೊಬ್ಬರ ಮಗನಾಗಿ ಜನಿಸಿದ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯದ ಧ್ವನಿಯನ್ನು ಕೇಳಿ ಮನಸೋತು, ಕವಾಯತಿಗೂ ಜಾಝ್ ಸಂಗೀತಕ್ಕೂ ಮೀಸಲೆಂದು ಜಗತ್ತು ತಿಳಿದಿದ್ದ ಅದನ್ನು ಕರ್ನಾಟಕ ಸಂಗೀತದ ಕಚೇರಿಯಲ್ಲಿ ಪದ್ಮಾಸನ ಹಾಕಿ ಕೂರಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪಡೆದರು. ಅವರು 2019ರಲ್ಲಿ ತೀರಿಕೊಂಡ ಮೇಲೂ ನಮ್ಮ ಜಿಲ್ಲೆಯ ಮದುವೆಗಳಲ್ಲಿ ಆ ಉಸಿರು ನಿಂತಿಲ್ಲ. ಅವರ ಸಾಧನೆಯ ಪ್ರಮಾಣವು ನನಗೆ ಆಗ ತಿಳಿದಿರಲಿಲ್ಲ. ನಾಗಸ್ವರದಲ್ಲಿ ರಂಧ್ರವನ್ನು ಬೆರಳೇ ಮುಚ್ಚುವುದರಿಂದ ಅರೆ ತೆರೆದು, ಕಾಲು ತೆರೆದು ಗಮಕವನ್ನು ಹೊಮ್ಮಿಸಬಹುದು. ಸ್ಯಾಕ್ಸೊಫೋನಿನಲ್ಲಾದರೋ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ, ಸರಳು, ಸ್ಪ್ರಿಂಗು, ಮುಚ್ಚಳ ಎಂದು ಸರಕಾರಿ ಕಚೇರಿಯಲ್ಲಿರುವಷ್ಟೇ ಮಧ್ಯಸ್ಥರು. ಈ ಮಧ್ಯಸ್ಥರನ್ನೆಲ್ಲ ತುಟಿಯಿಂದಲೂ ಉಸಿರಿನಿಂದಲೂ ಒಲಿಸಿಕೊಂಡು ರಾಗವನ್ನು ಜಾರಿಸಬೇಕು. ಇದಾವುದನ್ನೂ ಅರಿಯದೆ, ಕದ್ರಿ ಗುಡ್ಡದ ಬುಡದಲ್ಲಿ ವಾಸಿಸುವವನಿಗೆ ಈ ವಿದ್ಯೆಯು ಬಾವಿಯ ನೀರಿನಂತೆ ತಾನಾಗಿ ಒಸರಿ ಬರುವುದೆಂದು ನಾನು ನಂಬಿದ್ದೆನು.

ವಾದ್ಯದಂಗಡಿಯ ಯಜಮಾನರು ನನ್ನ ತಲೆಯ ನರೆಯನ್ನೂ ಕೈಯ ಚೀಲವನ್ನೂ ಅವಲೋಕಿಸಿ, “ಮೊಮ್ಮಗನಿಗಾ ಸಾರ್?” ಎಂದು ಕೇಳಿದರು. ನನಗೇ ಎಂದಾಗ ಅವರ ಮುಖದಲ್ಲಿ ಮೂಡಿದ ಭಾವವು ಗೌರವವೋ ಅನುಕಂಪವೋ ಇಂದಿಗೂ ನಿರ್ಣಯವಾಗಿಲ್ಲ. ಬ್ಯಾಂಡಿನ ವಾದ್ಯಗಳಿಗೆ ಹೆಸರಾದ ಮೀರತ್ತಿನದೊಂದು, ಚೀನದ್ದೊಂದು, ಜಪಾನಿನದೊಂದು ಹೀಗೆ ಮೂರನ್ನು, ಬೆಲೆಯ ಏರಿಕೆಯ ಕ್ರಮದಲ್ಲಿ, ಹೆಣ್ಣು ತೋರಿಸುವ ಸಂಭ್ರಮದಿಂದ ನನ್ನ ಮುಂದಿರಿಸಿ, ಕೊನೆಗೆ ನಡುವಿನದರ ಮೇಲೆ ಕೈಯಿಟ್ಟು, “ಇದು ಸ್ಟೂಡೆಂಟ್ ಮಾಡೆಲ್ ಸಾರ್, ಕಲಿಯುವವರಿಗೆ ಇದೇ ಸರಿ, ಹೇಳಿದ ಹಾಗೆ ಕೇಳ್ತದೆ” ಎಂದರು. ಮೂವತ್ತನಾಲ್ಕು ವರ್ಷಗಳಲ್ಲಿ ಹೇಳಿದ ಹಾಗೆ ಕೇಳಿದ ಒಬ್ಬ ವಿದ್ಯಾರ್ಥಿಯನ್ನೂ ಕಂಡರಿಯದ ನನಗೆ ಈ ಮಾತಿನಿಂದ ರೋಮಾಂಚವಾಯಿತು. ಕೇಳಿದ್ದನ್ನೆಲ್ಲ ನಂಬುವವನ ಕಿವಿಯನ್ನು ಹಿತ್ತಾಳೆಯ ಕಿವಿಯೆಂದು ಕರೆದ ನಮ್ಮ ಹಿರಿಯರು ಆ ಹೊತ್ತು ಅಂಗಡಿಯ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಿರಬೇಕು. ಮನೆಯಲ್ಲಿ ಬೆಲೆಯನ್ನು ಅರುಹುವಾಗ ಪೆಟ್ಟಿಗೆ, ಕೊರಳಪಟ್ಟಿ, ಹತ್ತು ರೀಡುಗಳ ಕಟ್ಟು, ಇವುಗಳನ್ನು ಬಿಟ್ಟು ಉಳಿದುದನ್ನು ಹೇಳಿದೆನು. ಆಧಾರಗಳನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವು ಇತಿಹಾಸಕಾರನಿಗೆ ಇದ್ದೇ ಇದೆಯಷ್ಟೆ.

ಇತಿಹಾಸದ ಚಾಳಿ ಬಿಡದು. ಊದುವ ಮೊದಲು ವಂಶಾವಳಿಯನ್ನು ಶೋಧಿಸಿದೆನು. ಆಪಾದಮಸ್ತಕ ಹಿತ್ತಾಳೆಯಾದರೂ ಪಾಶ್ಚಾತ್ಯರು ಇದನ್ನು ಕೊಳಲು, ಕ್ಲಾರಿನೆಟ್ಟುಗಳ ಪಂಕ್ತಿಯಲ್ಲಿ, ಮರದ ವಾದ್ಯಗಳ ಕುಲದಲ್ಲಿ ಕೂರಿಸುತ್ತಾರೆ. ದೇಹ ಯಾವ ಲೋಹದ್ದೇ ಆಗಲಿ, ದನಿ ಹುಟ್ಟುವುದು ಬಾಯಿಗಿಡುವ ಮೌತ್‌ಪೀಸಿಗೆ ಬಿಗಿದ ಹೆಬ್ಬೆರಳಗಲದ ಒಂದು ಸಸ್ಯದ ಸೀಳಿನಿಂದ. ದಕ್ಷಿಣ ಫ್ರಾನ್ಸಿನ ಬಿಸಿಲಿನಲ್ಲಿ ಬೆಳೆದ ಜೊಂಡಿನಿಂದ ಹೆರೆದ ಈ ರೀಡು ನಮ್ಮ ಮಳೆಗಾಲದಲ್ಲಿ ಹಪ್ಪಳದಂತೆ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಅಂಚು ಡೊಂಕಾಗುತ್ತದೆ, ಹಲ್ಲು ತಗುಲಿದರೆ ಸೀಳುತ್ತದೆ. ಹತ್ತರಲ್ಲಿ ಮೂರು ನುಡಿದರೆ ಅದೇ ಪುಣ್ಯ.

ಇದರ ಜನಕನಾದ ಅಡಾಲ್ಫ್ ಸ್ಯಾಕ್ಸನು ಇಂದಿನ ಬೆಲ್ಜಿಯಮ್ಮಿಗೆ ಸೇರಿದ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದನು. ಶೈಶವದಲ್ಲಿ ಆತನು ಮಹಡಿಯಿಂದ ಬಿದ್ದನೆಂದೂ, ಸೂಜಿಯನ್ನು ನುಂಗಿದನೆಂದೂ, ಹಾಲೆಂದು ಭ್ರಮಿಸಿ ಆಮ್ಲದ ನೀರನ್ನು ಕುಡಿದನೆಂದೂ, ಸಿಡಿಮದ್ದಿನಿಂದ ಸುಟ್ಟುಕೊಂಡನೆಂದೂ, ಹೊಳೆಯ ಪಾಲಾಗಿ ಕೂದಲೆಳೆಯಲ್ಲಿ ಪಾರಾದನೆಂದೂ, ಇದರಿಂದ ಬೆರಗಾದ ನೆರೆಯವರು ಆತನನ್ನು ದೆವ್ವವಾಗಿ ಮರಳಿದ ಮಗುವೆಂದೇ ಕರೆಯುತ್ತಿದ್ದರೆಂದೂ ಚರಿತ್ರಕಾರರು ಹೇಳುತ್ತಾರೆ. 1846ರಲ್ಲಿ ಪ್ಯಾರಿಸಿನಲ್ಲಿ ವಾದ್ಯದ ಹಕ್ಕುಪತ್ರವನ್ನು ಪಡೆದ ತರುವಾಯ ಪ್ರತಿಸ್ಪರ್ಧಿಗಳು ಹೂಡಿದ ದಾವೆಗಳಲ್ಲಿ ಸವೆದು ಆತನು ದಿವಾಳಿಯೂ ಆದನು. ಇಷ್ಟು ಗಂಡಾಂತರಗಳಿಂದ ವಿಧಿಯು ಆತನನ್ನು ರಕ್ಷಿಸಿದ ಕಥೆಯನ್ನು ನಾನು ಭಾವುಕನಾಗಿ ಬಣ್ಣಿಸಿದಾಗ ನನ್ನ ಹೆಂಡತಿಯು ಬೀನ್ಸಿನ ನಾರು ತೆಗೆಯುತ್ತ, “ವಿಧಿಗೆ ಅಷ್ಟು ಸಲ ಅವಕಾಶ ಸಿಕ್ಕಿತ್ತಲ್ಲ” ಎಂದಳು. ಆಗಿನ್ನೂ ನಾನು ಊದಲು ಆರಂಭಿಸಿ ಒಂದು ವಾರವಾಗಿತ್ತಷ್ಟೆ.

ನನಗೆ ದೊರೆತ ಗುರುವು ಇಪ್ಪತ್ತಾರು ವರ್ಷದ ತರುಣ. ಮುಹೂರ್ತವಿರುವ ದಿನ ಮದುವೆಯ ಚಪ್ಪರದಲ್ಲಿಯೂ, ಇಲ್ಲದ ದಿನ ನನ್ನ ಚಾವಡಿಯಲ್ಲಿಯೂ ಇರುತ್ತಿದ್ದನು. ಅವನು ನನ್ನನ್ನು ‘ಮಾಷ್ಟ್ರೆ’ ಎನ್ನುವನು, ನಾನು ಅವನನ್ನು ‘ಗುರುಗಳೇ’ ಎನ್ನುವೆನು. ಹೊರಗಿನಿಂದ ಕೇಳಿದವರಿಗೆ ಯಾರು ಯಾರಿಗೆ ಕಲಿಸುವರೆಂಬುದು, ಶಬ್ದ ಹೊರಡುವವರೆಗೆ, ಗೊತ್ತಾಗುತ್ತಿರಲಿಲ್ಲ. ಮೊದಲ ಪಾಠದಲ್ಲಿ ರೀಡನ್ನು ನನ್ನ ಕೈಗಿತ್ತು, “ಬಾಯೊಳಗಿಟ್ಟು ಒದ್ದೆ ಮಾಡಿ ಮಾಷ್ಟ್ರೆ, ಎರಡು ನಿಮಿಷ, ಮಾತಾಡ್ಬೇಡಿ” ಎಂದನು. ವಿವಾಹವಾದಂದಿನಿಂದ ನಾನು ಎಚ್ಚರವಿದ್ದೂ ಎರಡು ನಿಮಿಷ ಮೌನವಾಗಿದ್ದುದು ಅದೇ ಪ್ರಥಮವೆಂದೂ, ವಾದ್ಯದ ಅರ್ಧ ಹಣ ಅಲ್ಲಿಗೇ ಸಂದಿತೆಂದೂ ಒಳಮನೆಯಿಂದ ಅಭಿಪ್ರಾಯ ಬಂದಿತು.

ಆಮೇಲೆ ಬಂದುದು ಉಸಿರಿನ ಪರೀಕ್ಷೆ. ಮೇಲಿನ ಹಲ್ಲನ್ನು ಮೌತ್‌ಪೀಸಿನ ಮೇಲಿಟ್ಟು, ಕೆಳದುಟಿಯನ್ನು ಕೆಳಹಲ್ಲಿನ ಮೇಲೆ ಮಡಚಿ, ಕಚ್ಚದೆ, ಬಿಡದೆ, ಕೆನ್ನೆಯುಬ್ಬಿಸದೆ ಹೊಟ್ಟೆಯಿಂದ ಗಾಳಿಯನ್ನು ಹರಿಯಿಸಬೇಕಂತೆ. ಪಾಣಿಪತ್ತಿನ ಮೂರು ಯುದ್ಧಗಳನ್ನು, 1526ರಿಂದ 1761ರವರೆಗೆ, ಒಂದೇ ಉಸಿರಿಗೆ ಮುಗಿಸುತ್ತಿದ್ದವನೆಂದು ಖ್ಯಾತನಾದ ನನ್ನ ಷಡ್ಜದ ಆಯುಷ್ಯವನ್ನು ಗುರುವು ಗಡಿಯಾರ ಹಿಡಿದು ಅಳೆಯಲಾಗಿ ಅದು ಏಳು ಸೆಕೆಂಡು. “ನೀವು ಮಾತಿನ ಹಾಗೆ ಉಸಿರು ಖರ್ಚು ಮಾಡ್ತೀರಿ ಮಾಷ್ಟ್ರೆ. ಇದು ಉಳಿಸಿ ಉಳಿಸಿ ಬಿಡುವ ವಿದ್ಯೆ” ಎಂದನು ಆತನು. ಒಂದು ಆಯುಷ್ಯದ ವೃತ್ತಿಯನ್ನು ಇಷ್ಟು ಸಂಕ್ಷೇಪವಾಗಿ ಯಾರೂ ವಿಮರ್ಶಿಸಿರಲಿಲ್ಲ.

ಅಂದಿನಿಂದ ಪ್ರಾತಃಕಾಲದ ಸಾಧನೆ ಮೊದಲಾಯಿತು. ನಾಲ್ಕನೆಯ ದಿನ, ಮಂದ್ರದ ಒಂದು ಸ್ವರವನ್ನು ಪೂರ್ಣಬಲದಿಂದ ಹೊರಡಿಸಿ ಕಣ್ದೆರೆಯುವಷ್ಟರಲ್ಲಿ, ಪಕ್ಕದ ಮನೆಯ ಅಕ್ಕ ಪಾತ್ರೆ ಹಿಡಿದು ನಮ್ಮ ಗೇಟಿನ ಬಳಿ ನಿಂತು, ರಸ್ತೆಯ ಎರಡೂ ದಿಕ್ಕುಗಳನ್ನು ನೋಡುತ್ತಿದ್ದರು. “ಮಾಷ್ಟ್ರೆ, ಮೀನಿನವ ಎಲ್ಲಿಗೆ ಹೋದ? ಈಗ ಹಾರ್ನ್ ಕೇಳ್ತಲ್ಲ, ಬಂಗುಡೆ ಉಂಟಾ ಅಂತ ನೋಡುವ ಅಂದ್ರೆ!” ಎಂದರು. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿ ಬರುವ ಮೀನಿನವನ ಹಾರ್ನಿಗೂ ನನ್ನ ಸ್ವರಕ್ಕೂ ಸಾಮ್ಯವಿದೆಯೆಂಬುದನ್ನು, ನಾವು ಸಸ್ಯಾಹಾರಿಗಳಾದುದರಿಂದ, ನಾನು ಗಮನಿಸಿರಲಿಲ್ಲ. ಸತ್ಯವನ್ನು ನುಡಿದು ಆಕೆಯನ್ನು ಕಳುಹಿಸಿದೆನು. ಆದರೆ ಅದೇ ಕರೆಗೆ ಓಡಿಬಂದ ಕೇರಿಯ ಬೆಕ್ಕು ಸತ್ಯವನ್ನು ನಂಬಲಿಲ್ಲ. ಅದು ಇಂದಿಗೂ ದಿನವೂ ಆರೂವರೆಗೆ ಬಂದು, ಜಗಲಿಯಲ್ಲಿ ಕುಳಿತು, ಆದ್ಯಂತವಾಗಿ ನನ್ನನ್ನು ಆಲಿಸಿ, ನಿರಾಶೆಯಿಂದ ಎದ್ದು ಹೋಗುತ್ತದೆ. ನನ್ನ ಶ್ರೋತೃವರ್ಗವೆಂದರೆ ಅದೇ.

ಮನೆಯೊಳಗೂ ವಿರಸ ತಲೆದೋರಿತು. ನನ್ನ ಹೆಂಡತಿಯು ಬಾಲ್ಯದಲ್ಲಿ ಸಂಗೀತವನ್ನು ಕಲಿತವಳು. ಸಂಜೆ ಹಾರ್ಮೋನಿಯಮ್ ಮುಂದಿಟ್ಟು ದೇವರನಾಮಗಳನ್ನು ಹಾಡುವಳು. ಒಂದು ದಿನ ದಾಂಪತ್ಯದ ಐಕಮತ್ಯವನ್ನು ನಾದದಲ್ಲಿಯೂ ಸ್ಥಾಪಿಸೋಣವೆಂದು, ಅವಳು, ಹಾಡುವವರ ಭಾಷೆಯಲ್ಲಿ ‘ಒಂದು ಮನೆ’ ಎನ್ನುವ ಶ್ರುತಿಯನ್ನು ಹಿಡಿದಾಗ, ನನ್ನ ಪುಸ್ತಕದಲ್ಲಿ ಅದೇ ಸ್ವರವೆಂದು ಬರೆದಿದ್ದುದನ್ನು ನೋಡಿ, ಅದಕ್ಕೆ ಹೇಳಿದ ಕೀಲಿಯನ್ನೇ ಒತ್ತಿ ಊದಿದೆನು. ಅವಳು ಎರಡು ಕೈಗಳಿಂದಲೂ ಕಿವಿಯನ್ನು ಮುಚ್ಚಿಕೊಂಡಳು. ಮಾರನೆಯ ದಿನ ಗುರುವು ವಿವರಿಸಿದಂತೆ, ಆಲ್ಟೊ ಜಾತಿಯ ಈ ವಾದ್ಯದಲ್ಲಿ ಪುಸ್ತಕದ ಸ್ವರವೇ ಬೇರೆ, ಕಿವಿಗೆ ಕೇಳುವ ಸ್ವರವೇ ಬೇರೆ. ಒಂದು ಮನೆಯ ವಿಳಾಸ ಹಿಡಿದು ಹೊರಟವನನ್ನು ಅದು ನೇರವಾಗಿ ಎರಡೂವರೆ ಮನೆಯ ಬಾಗಿಲಲ್ಲಿ ನಿಲ್ಲಿಸುತ್ತದೆ. ಪರರ ಮನೆಗೆ ನುಗ್ಗಿದ ಆ ಅಪರಾಧಕ್ಕಾಗಿ ನನ್ನನ್ನು ಹಿತ್ತಲಿನ ತೆಂಗಿನಕಾಯಿ ಕೊಟ್ಟಿಗೆಗೆ ಗಡೀಪಾರು ಮಾಡಲಾಯಿತು.

ಆ ಕೊಟ್ಟಿಗೆಯಲ್ಲಿ ಒಂದು ಸಂಜೆ, ದೋಷವೆಲ್ಲ ವಾದ್ಯದ್ದೆಂದು ನನಗೆ ಖಚಿತವಾಯಿತು. ಮುಚ್ಚಳಗಳಲ್ಲಿ ಎಲ್ಲಿಯೋ ಗಾಳಿ ಸೋರುತ್ತಿರಬೇಕು. ಎಷ್ಟಾದರೂ ಸ್ಟೂಡೆಂಟ್ ಮಾಡೆಲು, ಅದಕ್ಕೇ ಇನ್ನೂ ಕಲಿಕೆ ಸಾಲದು. ಗುರುವು ಬಂದಾಗ ಈ ಸಂಶಯವನ್ನು ನಿವೇದಿಸಿಕೊಂಡೆನು. ಅವನು ಕೊಳವೆಯೊಳಗೆ ದೀಪ ಬಿಟ್ಟು ಒಂದೊಂದೇ ಮುಚ್ಚಳವನ್ನು ಒತ್ತಿ, ಬೆಳಕು ಎಲ್ಲಿಯೂ ಹೊರಸೂಸದುದನ್ನು ನನಗೆ ತೋರಿಸಿದನು. ತನ್ನ ಮೌತ್‌ಪೀಸನ್ನು ಸಿಕ್ಕಿಸಿ, ತೆಂಗಿನಕಾಯಿಯ ರಾಶಿಯ ಮೇಲೆ ಕುಳಿತು, ಕಣ್ಣುಮುಚ್ಚಿ ಕಲ್ಯಾಣಿಯನ್ನು ಎತ್ತಿಕೊಂಡನು. ಒಳಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಪಕ್ಕದ ಮನೆಯ ಅಕ್ಕ ಈ ಸಲ ಪಾತ್ರೆಯಿಲ್ಲದೆ ಬಂದು ಬೇಲಿಗೆ ಒರಗಿದರು. ನಾನು ಮೂರು ತಿಂಗಳು ಹಿಂಡಿದ ಅದೇ ಹಿತ್ತಾಳೆಯಿಂದ, ಬೇಡದೆ, ಬೆದರಿಸದೆ ಸ್ವರಗಳು ಸಾಲುಗಟ್ಟಿ ಹೊರಬಂದವು. ಅಂಗಡಿಯ ಯಜಮಾನರು ಸುಳ್ಳು ಹೇಳಿರಲಿಲ್ಲ: ವಾದ್ಯವು ಹೇಳಿದ ಹಾಗೆ ಕೇಳುವಂಥದೇ, ನಾನು ಅದಕ್ಕೆ ಈವರೆಗೆ ಹೇಳಿದ್ದೇನೆಂಬುದಷ್ಟೇ ಪ್ರಶ್ನೆ. ಹಿಂದೆ ನನ್ನ ತರಗತಿಯಲ್ಲಿ ಕಡೆಯ ಬೆಂಚಿನ ಹುಡುಗರು ದಡ್ಡರೆಂದು ನಾನು ಬರೆದ ಷರಾಗಳು ಒಂದೊಂದಾಗಿ ನೆನಪಿಗೆ ಬರತೊಡಗಿದುವು.

ಆರನೆಯ ತಿಂಗಳಲ್ಲಿ ಅದೇ ಅಕ್ಕನ ಮಗಳ ಮದುವೆ ಕೂಡಿಬಂದಿತು. ವಾದ್ಯಕ್ಕೆ ನನ್ನ ಗುರುವಿನ ತಂಡವೇ. ಹಿಂದಿನ ದಿನ ಅವನು ಬಂದು, ಕೊಂಚ ಸಂಕೋಚದಿಂದ, “ಮಾಷ್ಟ್ರೆ, ನಾಳೆ ಗಟ್ಟಿಮೇಳದ ಹೊತ್ತಿಗೆ ನೀವೂ ಹಿಂದಿನ ಸಾಲಲ್ಲಿ ನಿಂತು ಊದಬಹುದು. ಷಡ್ಜ ಒಂದೇ. ಬೇರೆ ಎಂತದೂ ಮುಟ್ಟಬೇಡಿ” ಎಂದನು. ಗಟ್ಟಿಮೇಳದ ಉದ್ದೇಶವನ್ನು ಓದುಗರು ಬಲ್ಲರು: ಮಂಗಳಮುಹೂರ್ತದಲ್ಲಿ ಸೀನು, ಅಳು ಮೊದಲಾದ ಅಪಶಬ್ದಗಳು ವಧೂವರರ ಕಿವಿಗೆ ಬೀಳದಂತೆ ಸಕಲ ವಾದ್ಯಗಳೂ ಏಕಕಾಲದಲ್ಲಿ ಮೊರೆಯತಕ್ಕದ್ದು. ಅರ್ಧ ವರ್ಷ ಕೇರಿಯ ಅಪಶಬ್ದಗಳಲ್ಲಿ ಅಗ್ರಗಣ್ಯವೆನಿಸಿದ್ದ ನನ್ನ ನಾದಕ್ಕೆ ಅಪಶಬ್ದ ನಿವಾರಣೆಯ ಸ್ಥಾನವು ಒದಗಿದ್ದನ್ನು ನೆನೆದು ನನಗೆ ರಾತ್ರಿಯೆಲ್ಲ ನಿದ್ರೆ ಹತ್ತಲಿಲ್ಲ.

ಪುರೋಹಿತರು ಕೈಯೆತ್ತಿದರು. ತವಿಲು ಸಿಡಿಲಾಯಿತು. ನಾನು ಕಣ್ಣುಮುಚ್ಚಿ, ಕಚ್ಚದೆ, ಬಿಡದೆ, ಉಳಿಸಿ ಉಳಿಸಿ ಉಸಿರನ್ನು ಬಿಟ್ಟೆನು. ಹದಿನಾಲ್ಕು ಸೆಕೆಂಡು. ಮತ್ತೊಂದು ಉಸಿರು, ಮತ್ತೆ ಷಡ್ಜ. ಮೇಲೆ ಗುರುವಿನ ಸ್ವರಗಳು ಹಕ್ಕಿಗಳಂತೆ ಏರುತ್ತಿಳಿಯುತ್ತಿದ್ದುವು. ಕೆಳಗೆ ನಾನು, ಒಂದೇ ಒಂದು ಕೊಂಬೆಯಾಗಿ, ಅಲುಗದೆ ನಿಂತಿದ್ದೆನು. ಇಷ್ಟು ಹೊತ್ತು ನಾನು ಒಂದೇ ವಿಷಯದ ಮೇಲೆ ನಿಂತದ್ದು ನನ್ನ ಪಾಠಗಳಲ್ಲಿ ಎಂದೂ ನಡೆದಿರಲಿಲ್ಲ.

ಊಟದ ಪಂಕ್ತಿಯಲ್ಲಿ ಹೆಂಡತಿಯ ಪಕ್ಕದಲ್ಲಿ ಕುಳಿತು, ಕೇಳದಿರಲಾರದೆ, ಹೇಗಿತ್ತೆಂದು ಕೇಳಿದೆನು. ಅವಳು ಎಲೆಯ ಮೇಲಿನ ಹೋಳಿಗೆಗೆ ತುಪ್ಪವನ್ನು ಹಾಕಿಸಿಕೊಂಡು, ಸ್ವಲ್ಪ ಆಲೋಚಿಸಿ, “ನೀವು ಊದಿದ್ದು ಗೊತ್ತೇ ಆಗ್ಲಿಲ್ಲ. ಶ್ರುತಿ ಚೊಕ್ಕ ಇತ್ತು” ಎಂದಳು. ಆ ಸಂಜೆಯೇ ನನ್ನ ಗಡೀಪಾರು ರದ್ದಾಯಿತು. ಈಗ ಅವಳು ದೇವರನಾಮಕ್ಕೆ ಕುಳಿತಾಗ ಚಾವಡಿಯ ಮೂಲೆಯಲ್ಲಿ ನನಗೂ ಒಂದು ಚಾಪೆಯುಂಟು; ಪುಸ್ತಕವನ್ನು ಮಡಚಿಟ್ಟು, ಅವಳ ಮನೆ ಯಾವುದೆಂದು ಮೊದಲು ಕಿವಿಯಿಂದ ಕೇಳಿ ತಿಳಿದುಕೊಂಡು, ಆಮೇಲೆಯೇ ಬಾಗಿಲು ತಟ್ಟುತ್ತೇನೆ.