ದೇವ್ರು ಹಿಂದ ಬರ್ತಾನ

ಕೆಂಭಾವಿ ಬಸ್ ಸ್ಟ್ಯಾಂಡಿನಾಗ ಸುರಪುರ ಬಸ್ಸಿಗೆ ಕಾಯುವಾಗ ನನಗ ದೇವ್ರು ಭಾಳ ನೆನಪಾಗ್ತಾನ. ಒಂದು ಕೈಯಾಗ ತೊಗರಿ ಚೀಲ, ಇನ್ನೊಂದ್ರಾಗ ಫೋನು, ಫೋನಿನಾಗ ಹೆಂಡತಿ.

"ದಾರಿ ತೋರ್ಸಪ್ಪಾ ಶಿವನೇ" ಅಂದೆ.

ಬಾಜೂಕ ಕುಂತ ಅಜ್ಜಿ ಎಲಿಗೆ ಸುಣ್ಣ ಸವರಿಕೋತ, "ತಮ್ಮಾ, ಈ ಊರಾಗ ದೇವ್ರು ದಾರಿ ತೋರ್ಸಂಗಿಲ್ಲ, ಹಿಂದ ಬರ್ತಾನ" ಅಂದ್ಳು.

ಖರೇನ. ಊರೇ ಮುಟ್ಟದವನ ವೇಷದಾಗ ಬಂದ ಶಿವನ್ನ ಮನಿಯೊಳಗ ಕರೆದದ್ದಕ್ಕ ಇದೇ ಊರಿನ ಹಳೇ ಕಾಲದ ಶರಣ ಭೋಗಣ್ಣನ್ನ ಊರು ಬಿಡಿಸಿದ್ರಂತ. ಆತ ಹೊಂಟ್ರ ಲಿಂಗಗಳೆಲ್ಲ ಉರುಳಿಕೋತ ಬೆನ್ನು ಹತ್ತಿದ್ವಂತ! ಹರಿಹರ ಕವಿ ಇದಕ್ಕೇ ಒಂದು ರಗಳೆ ಬರದಾನ.

ಆಸೆಯಿಂದ ನಾನೂ ಹೊರಳಿ ನೋಡಿದೆ. ಒಂದು ಆಡು ನಿಂತಿತ್ತು, ಚೀಲದಾಗ ಬಾಯಿ ಹಾಕಿ.